ಪೆಟ್ರೋಲ್ ಖರ್ಚು ಇಳಿಸಬೇಕೆ? ಮೊದಲು ಗಾಡಿಯ ಓಡಾಟ ಬರೆದಿಡಿ

ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರ ಜೂನ್‌ನಲ್ಲಿ. ಆಮೇಲೆ ಒಂದಷ್ಟು ಏರಿಳಿದು, 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗ ಮತ್ತೆ 103ರ ಹತ್ತಿರ ಬಂದು ಕೂತಿತು. ಕೆಳಗಿನ ಲೆಕ್ಕಗಳಿಗೆಲ್ಲ ಲೀಟರಿಗೆ 103 ರೂಪಾಯಿ ಹಿಡಿದಿದ್ದೇವೆ. ನಿಮ್ಮೂರಿನ ಬಂಕಿನಲ್ಲಿ ಬೇರೆ ದರವಿದ್ದರೆ ಅದನ್ನೇ ಹಾಕಿ ಗುಣಿಸಿಕೊಳ್ಳಿ.

ದರ ಏರಿದಾಗಲೆಲ್ಲ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ಮೈಲೇಜ್ ಹೆಚ್ಚಿಸುವುದು ಹೇಗೆ? ಟೈರಿನ ಗಾಳಿ, ಏರ್ ಫಿಲ್ಟರ್, ಓಡಿಸುವ ರೀತಿ ಎಲ್ಲ ಸರಿ ಮಾಡಿಕೊಂಡರೂ ಸುಸ್ಥಿತಿಯ ಗಾಡಿಯಲ್ಲಿ ಉಳಿಯುವುದು ನೂರಕ್ಕೆ ಹತ್ತರ ಆಸುಪಾಸು. ವಾರದಲ್ಲಿ ಎರಡು ದಿನ ಕಾರನ್ನು ಮನೆಯಲ್ಲೇ ಬಿಟ್ಟರೆ ಆಫೀಸ್ ದಾರಿಯ ಪೆಟ್ರೋಲ್ ನೂರಕ್ಕೆ ನಲವತ್ತು ಇಳಿಯುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಗ್ಯಾರೇಜಿನಲ್ಲಲ್ಲ, ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ.

ಹದಿನಾಲ್ಕು ದಿನದ ಲೆಕ್ಕ

ಸ್ಕೂಟರಿನ ಡಿಕ್ಕಿಯಲ್ಲೊಂದು, ಕಾರಿನ ಡ್ಯಾಶ್‌ಬೋರ್ಡಿನಲ್ಲೊಂದು ಪಾಕೆಟ್ ನೋಟ್‌ಬುಕ್ ಇಡಿ, ಜೊತೆಗೆ ದಾರ ಕಟ್ಟಿದ ಪೆನ್ನು. ಫೋನಿನಲ್ಲೂ ಬರೆಯಬಹುದು, ಆದರೆ ಒಂದೇ ಗಾಡಿಯನ್ನು ಮನೆಯಲ್ಲಿ ಮೂವರು ಓಡಿಸುವಾಗ ಫೋನಿನ ಲೆಕ್ಕ ಒಟ್ಟಿಗೆ ಕೂಡುವುದಿಲ್ಲ. ಪ್ರತಿ ಸಲ ಗಾಡಿ ತೆಗೆದಾಗ ಐದು ವಿಷಯ ಬರೆಯಿರಿ: ದಿನ, ಸಮಯ, ಯಾಕೆ ಹೋದದ್ದು, ಎಷ್ಟು ಜನ, ಎಷ್ಟು ಕಿ.ಮೀ. ಒಂದು ಪುಟ ಹೀಗಿರುತ್ತದೆ:

ಸೋಮ, ಬೆ. 6.40 – ಸ್ಕೂಟರ್ – ಹಾಲು – ಒಬ್ಬರು – 1.2
ಸೋಮ, ಬೆ. 8.15 – ಕಾರು – ಆಫೀಸ್ – ಒಬ್ಬರು – 17
ಸೋಮ, ಸಂ. 6.30 – ಕಾರು – ವಾಪಸ್ – ಒಬ್ಬರು – 17
ಸೋಮ, ರಾ. 8.50 – ಸ್ಕೂಟರ್ – ಜೆರಾಕ್ಸ್, ನಾಳೆ ಸ್ಕೂಲಿಗೆ ಬೇಕಂತೆ – ಇಬ್ಬರು – 2
ಮಂಗಳ, ಬೆ. 6.45 – ಸ್ಕೂಟರ್ – ಹಾಲು – ಒಬ್ಬರು – 1.2
ಮಂಗಳ, ಬೆ. 7.20 – ಸ್ಕೂಟರ್ – ಕೊತ್ತಂಬರಿ ಸೊಪ್ಪು ಮರೆತದ್ದು – ಒಬ್ಬರು – 1.2

ಜೀವಾಳವಿರುವುದು ‘ಯಾಕೆ’ ಎಂಬ ಕಾಲಮ್ಮಿನಲ್ಲಿ. ಬರೀ ‘ಅಂಗಡಿ’ ಎಂದು ಬರೆದರೆ ಕಡೆಗೆ ಏನೂ ತಿಳಿಯುವುದಿಲ್ಲ. ‘ಕೊತ್ತಂಬರಿ ಸೊಪ್ಪು ಮರೆತದ್ದು’ ಎಂದು ಬರೆದರೆ ಆ ಓಡಾಟ ಬೇಕಿತ್ತೋ ಬೇಡವಾಗಿತ್ತೋ ಎಂಬುದು ಅಲ್ಲೇ ಕಾಣುತ್ತದೆ. ಒಂದು ವಾರ ಸಾಲದು, ಎರಡು ವಾರ ಬೇಕು. ಒಂದು ವಾರದಲ್ಲಿ ಯಾವುದೋ ಮದುವೆಯೋ ಆಸ್ಪತ್ರೆಯೋ ಬಂದು ಲೆಕ್ಕ ಓಲುತ್ತದೆ. ಈ ಹದಿನಾಲ್ಕು ದಿನ ಏನನ್ನೂ ಬದಲಾಯಿಸಬೇಡಿ, ಎಂದಿನಂತೆ ಓಡಾಡಿ.

ಇದೇ ಹೊತ್ತಿಗೆ ಗಾಡಿಯ ನಿಜವಾದ ಮೈಲೇಜನ್ನೂ ಕಂಡುಕೊಳ್ಳಿ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಿನಲ್ಲಿ, ಮತ್ತೆ ಕಟ್ ಆಗುವವರೆಗೆ ಹಾಕಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಸ್ಕೂಟರಿನ ಟ್ಯಾಂಕು ಐದೇ ಲೀಟರಿನದು. ಕಾಲು ಲೀಟರ್ ಹೆಚ್ಚುಕಮ್ಮಿಯಾದರೂ ನೂರಕ್ಕೆ ಐದು ತಪ್ಪುತ್ತದೆ. ಆದ್ದರಿಂದ ಮೂರು ಸಲದ ಸರಾಸರಿ ಹಿಡಿಯಿರಿ. ಕಂಪನಿ ಹೇಳಿದ ಅಂಕಿಗಿಂತ ಬಹಳ ಕಡಿಮೆ ಬಂತೆಂದು ಮೆಕ್ಯಾನಿಕ್ಕಿನ ಮೇಲೆ ರೇಗಬೇಡಿ. ಕಂಪನಿಯ ಅಂಕಿ ಪ್ರಯೋಗಾಲಯದ್ದು, ನಿಮ್ಮದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನದು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ ಇದೆ. ಲೀಟರಿಗೆ ಲೀಟರ್ ತೂಗಿದರೆ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ.

ದುಡ್ಡು ಹೋಗುತ್ತಿರುವುದು ಎಲ್ಲಿಗೆ

103ನ್ನು ಮೈಲೇಜಿನಿಂದ ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಎಂಬುದು ಸಿಗುತ್ತದೆ. ಊರೊಳಗೆ 12 ಕೊಡುವ ಪೆಟ್ರೋಲ್ ಕಾರಿಗೆ 8 ರೂಪಾಯಿ 58 ಪೈಸೆ. 45 ಕೊಡುವ ಸ್ಕೂಟರಿಗೆ 2 ರೂಪಾಯಿ 29 ಪೈಸೆ. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಗೆ ಬರೆದಿಡಿ.

ಮಾದರಿಗೆ ಬನಶಂಕರಿಯಲ್ಲಿರುವ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿರುವ ಮನೆಯೊಂದರ ಎರಡು ವಾರ ತೆಗೆದುಕೊಳ್ಳೋಣ. ಕಾರಿನಲ್ಲಿ ಆಫೀಸಿಗೆ 10 ದಿನ, ದಿನಕ್ಕೆ 34 ಕಿ.ಮೀ., ಒಟ್ಟು 340. ಭಾನುವಾರ ನೆಂಟರ ಮನೆಗೆಂದು 80. ಮಗುವಿನ ಸಂಗೀತದ ಕ್ಲಾಸಿಗೆ 30. ಕಾರು ಓಡಿದ್ದು 450 ಕಿ.ಮೀ., ಕುಡಿದದ್ದು 37.5 ಲೀಟರ್, ಅಂದರೆ ಸುಮಾರು 3,860 ರೂಪಾಯಿ. ಸ್ಕೂಟರ್ ಹಾಲು, ತರಕಾರಿ, ಮೆಡಿಕಲ್ ಶಾಪ್ ಎಂದು 28 ಸಲ ಹೊರಗೆ ಹೋಗಿದೆ. ಆದರೂ ಓಡಿದ್ದು 60 ಕಿ.ಮೀ. ಮಾತ್ರ. ಸಣ್ಣ ಓಡಾಟವೆಂದು ಮೈಲೇಜ್ 40 ಹಿಡಿದರೂ ಒಂದೂವರೆ ಲೀಟರ್, 155 ರೂಪಾಯಿ.

ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ‘ಹಾಲಿಗೂ ಸ್ಕೂಟರ್ ಬೇಕಾ’ ಎಂಬುದರ ಮೇಲೆ. ದುಡ್ಡು ಸೋರುವುದು ಕಾರಿನಲ್ಲಿ ಒಬ್ಬರೇ ಕೂತು ಆಫೀಸಿಗೆ ಹೋಗುವ ದಾರಿಯಲ್ಲಿ, 4,000ದಲ್ಲಿ 2,900. ಎಲ್ಲರ ಮನೆಯ ಲೆಕ್ಕವೂ ಹೀಗೇ ಇರಬೇಕೆಂದಿಲ್ಲ. ಹಾಸನದಲ್ಲೋ ಶಿವಮೊಗ್ಗದಲ್ಲೋ ಆಫೀಸ್ ಮೂರು ಕಿ.ಮೀ. ಇರುವವರಿಗೆ ಭಾನುವಾರದ ಓಡಾಟವೇ ದೊಡ್ಡದಾಗಿ ಕಾಣಬಹುದು. ಬರೆದು ನೋಡುವುದು ಅದಕ್ಕೇ.

ಆಫೀಸ್ ದಾರಿ

ಇಲ್ಲಿ ದಾರಿ ನಾಲ್ಕಿವೆ, ಎಲ್ಲರಿಗೂ ಒಂದೇ ಹೊಂದುವುದಿಲ್ಲ. ಅದೇ ಬನಶಂಕರಿ–ಎಲೆಕ್ಟ್ರಾನಿಕ್ ಸಿಟಿ ದಾರಿಯನ್ನೇ ನೋಡಿ. ದಿನಕ್ಕೆ ಕಾರಿನ ಪೆಟ್ರೋಲ್ 292 ರೂಪಾಯಿ, ಸ್ಕೂಟರಿನದು 78.

ಮೆಟ್ರೋ. ಹಸಿರು ಮಾರ್ಗದಲ್ಲಿ ಆರ್.ವಿ. ರೋಡಿನವರೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿಯಬೇಕು. 2025ರ ಫೆಬ್ರವರಿಯ ದರಪಟ್ಟಿಯಂತೆ ಈ ದೂರಕ್ಕೆ ಒಂದು ಕಡೆಗೆ 60ರಿಂದ 70 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ. ಹೋಗಿಬರಲು ಸುಮಾರು 130. ಕಾರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ, ಆದರೆ ಸ್ಕೂಟರಿನ ಪೆಟ್ರೋಲಿಗಿಂತ ಹೆಚ್ಚು. ಸ್ಕೂಟರ್ ಬಿಟ್ಟು ಮೆಟ್ರೋ ಹತ್ತುವವರಿಗೆ ಉಳಿಯುವುದು ಬೆನ್ನು, ಸಮಯ, ಸಮಾಧಾನ. ದುಡ್ಡಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ತಿಂಗಳ ಕೊನೆಯಲ್ಲಿ ಬೇಸರವಾಗುವುದಿಲ್ಲ.

ಲೆಕ್ಕ ಎಡವುವುದು ಎರಡು ತುದಿಗಳಲ್ಲಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋಗೆ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ. ಮನೆಯಿಂದ ಸ್ಟೇಷನ್ನಿಗೆ, ಸಂಜೆ ಸ್ಟೇಷನ್ನಿನಿಂದ ಮನೆಗೆ ಆಟೋ ಹಿಡಿದರೆ 72 ರೂಪಾಯಿ ಸೇರಿ ದಿನದ ಖರ್ಚು 200 ದಾಟುತ್ತದೆ. ಆಫೀಸಿನ ಕಡೆಯೂ ಆಟೋ ಬೇಕಾದರೆ ಕಾರಿನಷ್ಟೇ ಆಯಿತು. ಸ್ಟೇಷನ್ನಿಗೆ ನಡೆದೋ ಸೈಕಲ್ಲಿನಲ್ಲೋ ಫೀಡರ್ ಬಸ್ಸಿನಲ್ಲೋ ಹೋಗಲು ಸಾಧ್ಯವಿದ್ದರೆ ಮಾತ್ರ ಮೆಟ್ರೋ ಅಗ್ಗ. ಸ್ಕೂಟರನ್ನು ಸ್ಟೇಷನ್ನಿನಲ್ಲಿ ನಿಲ್ಲಿಸುವುದಾದರೆ ಪಾರ್ಕಿಂಗ್ ದುಡ್ಡನ್ನೂ ಸೇರಿಸಿಕೊಳ್ಳಿ.

ಬಸ್ಸು. 2025ರ ಜನವರಿಯ ಏರಿಕೆಯ ನಂತರ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದಿನದ ಪಾಸು 80, ವಾರದ್ದು 350, ತಿಂಗಳದ್ದು 1,200 ರೂಪಾಯಿ. ತಿಂಗಳಿಗೆ 22 ದಿನ ಸ್ಕೂಟರಿನಲ್ಲಿ ಹೋದರೆ ಪೆಟ್ರೋಲಿಗೇ 1,700, ಕಾರಿನಲ್ಲಿ 6,400. ಅಂದರೆ ದುಡ್ಡಿನಲ್ಲಿ ಸ್ಕೂಟರನ್ನೂ ಸೋಲಿಸುವುದು ಬಸ್ಸೊಂದೇ. ದಿನದ ಪಾಸು 80ರಂತೆ ತಿಂಗಳಿಗೆ 15 ದಿನಕ್ಕಿಂತ ಕಡಿಮೆ ಹೋಗುವವರು ತಿಂಗಳ ಪಾಸು ಮಾಡಿಸಬೇಡಿ. ವಾರಕ್ಕೆ ಎರಡು ದಿನದವರಿಗೆ ದಿನದ ಪಾಸೇ ಸರಿ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪುಕ್ಕಟೆ. ವಜ್ರ ಎಂಬ ಎಸಿ ಬಸ್ಸಿಗೆ ಅದು ಅನ್ವಯಿಸದು. ಮನೆಯಲ್ಲಿ ಇಬ್ಬರೂ ದುಡಿಯುವವರಿದ್ದು ಗಾಡಿ ಒಂದೇ ಇದ್ದರೆ, ಯಾರು ಬಸ್ಸು ಹತ್ತಬೇಕೆಂಬ ಚರ್ಚೆಗೆ ಈ ಅಂಕಿಯನ್ನೂ ಸೇರಿಸಿ, ಆದರೆ ಅದೊಂದನ್ನೇ ಹಿಡಿದು ತೀರ್ಮಾನಿಸಬೇಡಿ. ಪುಕ್ಕಟೆ ಬಸ್ಸಿಗಾಗಿ ದಿನಕ್ಕೆ ಒಂದೂವರೆ ಗಂಟೆ ಕಳೆಯುವುದು ಯಾವಾಗಲೂ ಹೆಂಡತಿಯೇ ಆಗಬೇಕಿಲ್ಲ.

ಸರದಿ ಕಾರು. ಒಂದೇ ಕಡೆ ಹೋಗುವ ಇಬ್ಬರು, ಒಂದು ದಿನ ನಿಮ್ಮ ಕಾರು, ಮರುದಿನ ಅವರ ಕಾರು. ಹತ್ತು ದಿನದಲ್ಲಿ ಐದು ದಿನ ನಿಮ್ಮ ಕಾರು ಮನೆಯಲ್ಲೇ, 170 ಕಿ.ಮೀ. ಉಳಿತಾಯ, 1,450 ರೂಪಾಯಿ. ಇದರಲ್ಲಿ ದುಡ್ಡು ಕೈ ಬದಲಾಯಿಸದಿರುವುದೇ ಕ್ಷೇಮ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಪಡೆದು ಜನ ಕರೆದೊಯ್ಯಲು ಪರ್ಮಿಟ್ ಇಲ್ಲ. ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲೂ ಬಾಡಿಗೆ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಶುರು ಮಾಡುವ ಮೊದಲು ಮೂರು ಮಾತು ಇತ್ಯರ್ಥವಾಗಲಿ: ಹೊರಡುವ ಹೊತ್ತಿಗೆ ಎಷ್ಟು ನಿಮಿಷ ಕಾಯುವುದು (ಐದು ಸಾಕು), ಸಂಜೆ ಒಬ್ಬರಿಗೆ ತಡವಾದರೆ ಏನು, ಹತ್ತುವ ಜಾಗ ಎಲ್ಲಿ. ಮನೆ ಬಾಗಿಲಿಗೆ ಹೋಗಿ ಕರೆದುಕೊಳ್ಳುವ ಸೌಜನ್ಯದಲ್ಲಿ ಎರಡು ಯು-ಟರ್ನ್, ಎರಡು ಕಿ.ಮೀ. ಸುಮ್ಮನೆ ಹೋಗುತ್ತದೆ. ಮುಖ್ಯರಸ್ತೆಯ ಬಸ್ ಸ್ಟಾಪೇ ಒಳ್ಳೆಯದು. ಇಂಥ ಜೋಡಿಗಳು ಮುರಿಯುವುದು ಹಣಕ್ಕಲ್ಲ, ಕಾಯಿಸಿದ್ದಕ್ಕೆ.

ಕಾರು ಬಿಟ್ಟು ಸ್ಕೂಟರ್. ಕಾಗದದ ಮೇಲೆ ದಿನಕ್ಕೆ 214 ರೂಪಾಯಿ ಉಳಿಯುತ್ತದೆ. ಆದರೆ ಹೊಸೂರು ರಸ್ತೆಯಲ್ಲಿ ಲಾರಿಗಳ ನಡುವೆ ದಿನಾ 34 ಕಿ.ಮೀ. ಅಂದರೆ ಸಣ್ಣ ಮಾತಲ್ಲ. ಎಂಟ್ಹತ್ತು ಕಿ.ಮೀ. ಒಳಗಿನ ದಾರಿಗೆ ಹೇಳಬಹುದು, ಅದಕ್ಕೂ ಹೆಚ್ಚಿಗೆ ನಾವು ಹೇಳುವುದಿಲ್ಲ.

ತುಮಕೂರು–ಬೆಂಗಳೂರು, ಮಂಡ್ಯ–ಮೈಸೂರು ನಡುವೆ ದಿನಾ ಓಡಾಡುವವರಿಗೆ ರೈಲಿನ ತಿಂಗಳ ಪಾಸಿಗೆ ಸಾಟಿಯಾದದ್ದು ಯಾವುದೂ ಇಲ್ಲ. 150 ಕಿ.ಮೀ.ವರೆಗೆ ಈ ಪಾಸು ಸಿಗುತ್ತದೆ. ತುಮಕೂರಿನಿಂದ ಕಾರಿನಲ್ಲಿ ಒಂದು ಸಲ ಬೆಂಗಳೂರಿಗೆ ಹೋಗಿಬರುವ ಪೆಟ್ರೋಲ್ ದುಡ್ಡಿನಲ್ಲಿ ಎರಡನೇ ದರ್ಜೆಯ ತಿಂಗಳ ಪಾಸು ಮುಗಿದು ಚಿಲ್ಲರೆ ಮಿಗುತ್ತದೆ. ಅದರಲ್ಲಿ ಜನರಲ್ ಬೋಗಿ ಮಾತ್ರ ಹತ್ತಬೇಕು. ರಿಸರ್ವೇಶನ್ ಬೋಗಿಯಲ್ಲಿ ಕೂತರೆ ಟಿಸಿ ದಂಡ ಹಾಕುತ್ತಾರೆ.

ಯಾವ ದಾರಿ ಹಿಡಿದರೂ ಸೋಮವಾರದಿಂದಲೇ ಐದೂ ದಿನ ಎಂದು ಶುರು ಮಾಡಬೇಡಿ. ಮಂಗಳವಾರ ಮಳೆ, ಬುಧವಾರ ಬಸ್ಸು ತಡ, ಗುರುವಾರ ಮತ್ತೆ ಕಾರಿನ ಕೀ ಕೈಯಲ್ಲಿ. ಎರಡು ದಿನ ಗೊತ್ತು ಮಾಡಿ, ಉದಾಹರಣೆಗೆ ಮಂಗಳವಾರ ಮತ್ತು ಗುರುವಾರ. ಅದಕ್ಕೆ ಮೊದಲು ಒಂದು ಶನಿವಾರ ಬಿಡುವಾಗಿ ಹೋಗಿ ಬಸ್ಸಿನ ನಂಬರ್, ಹತ್ತುವ ಜಾಗ, ನಡೆಯುವ ನಿಮಿಷ ಎಲ್ಲ ನೋಡಿಕೊಂಡು ಬನ್ನಿ. ಛತ್ರಿ ಬ್ಯಾಗಿನಿಂದ ಹೊರಗೆ ಬರಲೇಬಾರದು.

ಸಣ್ಣ ಓಡಾಟ ಮತ್ತು ಸೈಕಲ್

155 ರೂಪಾಯಿಯ ಸ್ಕೂಟರ್ ಓಡಾಟವನ್ನು ಹಗುರ ಮಾಡಿ ಹೇಳಿದೆವು, ಆದರೆ ಅದೇ ಒಂದೆರಡು ಕಿ.ಮೀ.ಗೆ ಕಾರು ತೆಗೆಯುವ ಮನೆಗಳಲ್ಲಿ ಕಥೆ ಬೇರೆ. ತಣ್ಣಗಿರುವ ಎಂಜಿನ್ ಶುರುವಿನಲ್ಲಿ ಪೆಟ್ರೋಲನ್ನು ಹೆಚ್ಚು ಸೇರಿಸಿಕೊಂಡು ಉರಿಸುತ್ತದೆ, ಆಯಿಲ್ ಮಂದವಾಗಿರುತ್ತದೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಅಂಗಡಿ ಬಂದಿರುತ್ತದೆ. ಮಾಮೂಲಿ ಮೈಲೇಜ್ ಈ ಓಡಾಟಕ್ಕೆ ಸಿಗುವುದೇ ಇಲ್ಲ.

ಮನೆಗೆ ಬೇಕಾದ ಸಾಮಾನಿನ ಪಟ್ಟಿಯನ್ನು ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ತೂಗುಹಾಕಿ, ವಾರಕ್ಕೆ ಎರಡೇ ಸುತ್ತು. ಸುತ್ತು ಹೊರಟಾಗ ಅತಿ ದೂರದ ಕೆಲಸ ಮೊದಲು ಮುಗಿಸಿ. ಎಂಜಿನ್ ಬಿಸಿಯಾಗಿರುತ್ತದೆ, ಬರುವಾಗ ಹತ್ತಿರದ ಅಂಗಡಿಗಳಲ್ಲಿ ನಿಲ್ಲಿಸಿದರೂ ಬೇಗ ತಣಿಯದು. ಸಾಧ್ಯವಾದಷ್ಟು ಎಡಕ್ಕೇ ತಿರುಗುತ್ತ ಹೋಗುವ ಸುತ್ತು ಹಾಕಿಕೊಳ್ಳಿ, ಬಲಕ್ಕೆ ತಿರುಗಲು ಸಿಗ್ನಲ್ಲಿನಲ್ಲಿ ಕಾಯುವುದು ತಪ್ಪುತ್ತದೆ.

ಹಾಲು, ಸೊಪ್ಪು, ಜೆರಾಕ್ಸಿಗೆ ಸೈಕಲ್ ಸಾಕು. ಗೇರಿನ ಹೊಸ ಸೈಕಲ್ಲೇ ಆಗಬೇಕಿಲ್ಲ, ಮೆಟ್ಟಿಲ ಕೆಳಗೆ ಧೂಳು ಹಿಡಿದಿರುವುದೇ ಆದೀತು. ಸೈಕಲ್ ಮತ್ತೆ ಮೂಲೆ ಸೇರುವುದಕ್ಕೆ ಬಹುಪಾಲು ಎರಡೇ ಕಾರಣ. ಒಂದು, ಸೀಟು ತಗ್ಗಿನಲ್ಲಿರುವುದು. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಮಂಡಿ ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಚುತ್ತದೆ. ‘ಕಾಲು ನೆಲಕ್ಕೆ ಪೂರ್ತಿ ತಾಗಬೇಕು’ ಎಂದು ಸೀಟು ಇಳಿಸಿಕೊಂಡವರಿಗೆ ನಾಲ್ಕೇ ದಿನಕ್ಕೆ ಮಂಡಿನೋವು, ದೋಷ ಸೈಕಲ್ಲಿನ ತಲೆಗೆ. ಎರಡು, ಟೈರಿನಲ್ಲಿ ಗಾಳಿ ಇಲ್ಲದಿರುವುದು. ಎಷ್ಟು ಹಿಡಿಸಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸೈಕಲ್ ಟ್ಯೂಬು ಓಡಿಸದೆ ನಿಂತರೂ ಇಳಿಯುತ್ತದೆ, ವಾರಕ್ಕೊಮ್ಮೆ ಪಂಪು ಹೊಡೆಯಲೇಬೇಕು. ಚೈನಿಗೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿ. ಹೊರಗೆ ಎಣ್ಣೆ ಉಳಿದರೆ ಧೂಳು ಮೆತ್ತಿ ಚೈನು ಅರೆಯುತ್ತದೆ. ತರಕಾರಿ ಚೀಲವನ್ನು ಹ್ಯಾಂಡಲಿಗೆ ನೇತುಹಾಕಬೇಡಿ, ತಿರುವಿನಲ್ಲಿ ಚಕ್ರಕ್ಕೆ ಸಿಕ್ಕುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿ.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳಿಂದ ಪೆಟ್ರೋಲ್ ಉಳಿಯುತ್ತದೆ ನಿಜ. ಡೆಲಿವರಿ ಶುಲ್ಕ, ಜೊತೆಗೆ ಬೇಡದಿದ್ದರೂ ಸೇರಿದ ಎರಡು ಚಿಪ್ಸ್ ಪೊಟ್ಟಣ, ಇವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಓಡಿಸಲೇಬೇಕಾದಾಗ

ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಅಂಕಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿದೆ. ‘ಎಷ್ಟು ಸಾರ್?’ ಎಂದು ಬಂಕಿನ ಹುಡುಗ ಕೇಳಿದರೆ ಅದನ್ನೇ ಹೇಳಿ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿ ಹೇಳಬೇಡಿ. ಮೇಲೆ ಸೈಕಲ್ಲಿಗೆ ಹೇಳಿದ್ದು ಕಾರಿಗೆ ಹೊಂದದು. ಬೈಕಿನ ಚೈನು ಸಡಿಲವಿರಲಿ ಬಿಗಿಯಿರಲಿ ಎರಡೂ ನಷ್ಟ. ಸಾಮಾನ್ಯ ಬೈಕುಗಳಲ್ಲಿ ಚೈನಿನ ನಡುಭಾಗ ಬೆರಳಿನಿಂದ ಎತ್ತಿದರೆ ಎರಡರಿಂದ ಮೂರು ಸೆಂ.ಮೀ. ಆಡಬೇಕು. ಬಿಎಸ್6 (ಈಗಿನ ಹೊಗೆ ನಿಯಮದ) ಸ್ಕೂಟರುಗಳ ಎಣ್ಣೆ ಅದ್ದಿದ ಕಾಗದದ ಏರ್ ಫಿಲ್ಟರಿಗೆ ಗಾಳಿ ಊದಿಸಬೇಡಿ, ಊದಿದರೆ ಕೆಟ್ಟಿತೆಂದೇ ಲೆಕ್ಕ. ಅವಧಿ ಮುಗಿದಾಗ ಬದಲಿಸಬೇಕು.

ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗುವುದು ಉಳಿದೆಲ್ಲ ಉಪಾಯಕ್ಕಿಂತ ಹೆಚ್ಚು ಉಳಿಸುತ್ತದೆ, ಗಾಳಿಯ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ. ಇನ್ನೊಂದು ಹಳೇ ನಂಬಿಕೆ ಬಿಡಬೇಕು: ಚಾರ್ಮಾಡಿ, ಆಗುಂಬೆ ಇಳಿಯುವಾಗ ನ್ಯೂಟ್ರಲ್ ಹಾಕುವುದು. ಕಾರ್ಬುರೇಟರ್ ಕಾಲದಲ್ಲಿ ಏನೋ ಹನಿ ಉಳಿಯುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಿರಲೆಂದು ಮತ್ತೆ ಪೆಟ್ರೋಲ್ ಹರಿಯುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾದು ಹಿಡಿಯದೆ ಹೋಗುವ ಅಪಾಯ ಬೇರೆ.

ನಿಂತ ಗಾಡಿಯ ಆರೈಕೆ

ಓಡಾಟ ಇಳಿಸಿದವರು ಮರೆಯುವುದು ಇದನ್ನು. ಉಳಿಸಿದ ಪೆಟ್ರೋಲ್ ದುಡ್ಡನ್ನೆಲ್ಲ ಬ್ಯಾಟರಿ ಅಂಗಡಿಗೆ ಕೊಟ್ಟು ಬರುವಂತಾಗಬಾರದು.

ಕಾರು ಆಫ್ ಇದ್ದರೂ ಲಾಕ್, ಅಲಾರಂ, ಗಡಿಯಾರ ಬ್ಯಾಟರಿಯನ್ನು ಹೀರುತ್ತಿರುತ್ತವೆ. ‘ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ’ ಎನ್ನುವವರ ಬ್ಯಾಟರಿಯೇ ಮೊದಲು ಹೋಗುವುದು. ಸ್ಟಾರ್ಟಿಗೆ ಖರ್ಚಾದದ್ದು ಐದು ನಿಮಿಷದಲ್ಲಿ ತುಂಬಿಬರುವುದಿಲ್ಲ, ಎಂಜಿನ್ ಆಯಿಲಿನಲ್ಲಿ ನೀರಿನ ಪಸೆ ಬೇರೆ ಉಳಿಯುತ್ತದೆ. ವಾರಕ್ಕೊಮ್ಮೆ ಇಪ್ಪತ್ತು–ಮೂವತ್ತು ನಿಮಿಷ ರಸ್ತೆಯಲ್ಲಿ ಓಡಿಸಿ. ಆ ಓಟ ಸಾಮಾನಿನ ಸುತ್ತೇ ಆಗಲಿ. ಮೂರು ವಾರಕ್ಕಿಂತ ಹೆಚ್ಚು ಊರಲ್ಲಿರುವುದಿಲ್ಲವೆಂದರೆ 10ನೇ ನಂಬರ್ ಸ್ಪ್ಯಾನರ್ ಹಿಡಿದು ಬ್ಯಾಟರಿಯ ಮೈನಸ್ ತಂತಿಯನ್ನು ಮಾತ್ರ ಬಿಚ್ಚಿಡಿ.

ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕನ್ನು ತಳದಲ್ಲಿ ಸ್ವಲ್ಪವೇ ಇಟ್ಟು ಬಿಡಬೇಡಿ, ಖಾಲಿ ಜಾಗ ಹೆಚ್ಚಿದ್ದಷ್ಟೂ ತೇವ ಹೆಚ್ಚು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಸ್ಕೂಟರನ್ನು ಡಬಲ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ.

ಆಮೇಲೆ ಇಲಿ. ನಿಂತ ಕಾರಿನ ಬಾನೆಟ್ ಅವಕ್ಕೆ ಬೆಚ್ಚಗಿನ ಮನೆ. ಹೊರಡುವ ಮೊದಲು ಬಾನೆಟ್ ಎತ್ತಿ ಹಿಕ್ಕೆ, ಹರಿದ ಸ್ಪಾಂಜು, ಎಳೆದುತಂದ ಚಿಂದಿ ಇದೆಯೇ ನೋಡಿ. ಇದ್ದರೆ ಸ್ಟಾರ್ಟ್ ಮಾಡಬೇಡಿ, ಮೊದಲು ತಂತಿಗಳನ್ನು ನೋಡಿಸಿ. ಅಕ್ಕಿ ಮೂಟೆ, ಕಸದ ಡಬ್ಬದ ಪಕ್ಕ ಕಾರು ನಿಲ್ಲಿಸದಿರುವುದೇ ಇದಕ್ಕೆ ದೊಡ್ಡ ಮದ್ದು.

ಗಾಡಿ ನಿಂತಿದೆಯೆಂದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬಿಡುವಂತಿಲ್ಲ, ಎಮಿಷನ್ ಟೆಸ್ಟೂ ಅಷ್ಟೇ. ಆದರೆ ಕಡಿಮೆ ಓಡಿಸುವವರಿಗೆ ಒಂದು ಅನುಕೂಲವಿದೆ. ಓಡಿದಷ್ಟಕ್ಕೇ ಪ್ರೀಮಿಯಂ ಕಟ್ಟುವ ಆಯ್ಕೆಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಅನುಮತಿ ಕೊಟ್ಟಿದೆ. ವರ್ಷಕ್ಕೆ ಇಷ್ಟು ಕಿ.ಮೀ. ಎಂದು ಮೊದಲೇ ಹೇಳಿದರೆ ಸ್ವಂತ ಗಾಡಿಯ ನಷ್ಟದ ಭಾಗದ ಪ್ರೀಮಿಯಂ ಇಳಿಯುತ್ತದೆ. ರಿನ್ಯೂ ಮಾಡಿಸುವಾಗ ಓಡೋಮೀಟರಿನ ಫೋಟೋ ಕೇಳುತ್ತಾರೆ. ಮಿತಿ ದಾಟಿದ ಮೇಲೆ ಕ್ಲೇಮ್ ಏನಾಗುತ್ತದೆ, ನಡುವೆ ಕಿ.ಮೀ. ಸೇರಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ಎಷ್ಟು ಕಿ.ಮೀ. ಎಂದು ಹೇಳುವುದಕ್ಕೆ ಅಂದಾಜು ಬೇಡ, ಆ ಹದಿನಾಲ್ಕು ದಿನದ ಲೆಕ್ಕವನ್ನು 26ರಿಂದ ಗುಣಿಸಿ, ಊರಿನ ಹಬ್ಬಕ್ಕೆಂದು ಒಂದು ಸಾವಿರ ಸೇರಿಸಿ.